ನಾಲ್ಕು ರಿಂಗಿನ ಚಳಿಗಾಲ

ಕಳೆದ ತಿಂಗಳು ಕೊಳ್ಳೇಗಾಲದಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಅಂಗಡಿಯವನು ಸ್ವಿಚ್ಚಿನ ತಂತಿ ಬೆಸೆಯಲು ಕಾದ ಕಡ್ಡಿಯ ತುದಿಯನ್ನು ರಾಳಕ್ಕೆ ಮುಟ್ಟಿಸಿದ. ಚುಂಯ್ ಎಂದು ಒಂದೆಳೆ ಬಿಳಿ ಹೊಗೆ ಎದ್ದು ನೇರ ನನ್ನ ಮೂಗಿಗೇ ಬಂತು. ಅಷ್ಟೇ, ಎದ್ದು ಬೀದಿಗೆ ಬಂದುಬಿಟ್ಟೆ.

"ಯಾಕಕ್ಕ, ಒಗೆ ಆಗಾಕಿಲ್ವಾ?" ಎಂದು ಅವನು ಒಳಗಿಂದಲೇ ಕೇಳಿದ.

"ಆಗಲ್ಲಪ್ಪ" ಎಂದೆ. ಸುಳ್ಳು. ಒಂದು ಕಾಲದಲ್ಲಿ ಆ ವಾಸನೆ ಅಂದರೆ ನನಗೆ ಪ್ರಾಣ. ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಹುಡುಗಿಯರೆಲ್ಲ ಮಲ್ಲಿಗೆ ಮುಡಿದು ಓಡಾಡುತ್ತಿದ್ದರೆ ನನ್ನ ತಲೆಗೂದಲು ರಾಳದ ಹೊಗೆ ನಾರುತ್ತಿತ್ತು, ಅದಕ್ಕೆ ನನಗೆ ಜಂಬ ಬೇರೆ. ಇಡೀ ಕ್ಲಾಸಿನಲ್ಲಿ ನನ್ನಷ್ಟು ಚೆನ್ನಾಗಿ ಬೆಸುಗೆ ಹಾಕುವವರು ಯಾರೂ ಇರಲಿಲ್ಲ. ಆ ಜಂಬ ಇಳಿಯಲು ಹನೂರಿನ ಒಂದು ಚಳಿಗಾಲ ಸಾಕಾಯಿತು.

ನನ್ನ ಊರು ಯಳಂದೂರು. ಓದು ಮುಗಿದ ಮೇಲೆ ಸಿಕ್ಕಿದ ಮೊದಲ ಕೆಲಸ ಹನೂರಿನಲ್ಲಿ. ಕಾಡಂಚಿನ ಹಳ್ಳಿಗಳಿಗೆ ಆನೆ ಬರುವುದನ್ನು ಮೊದಲೇ ತಿಳಿಸುವ ಒಂದು ಯೋಜನೆ. ನಡೆಸುವ ದೊಡ್ಡವರು ಮೈಸೂರಿನಲ್ಲಿದ್ದರು, ಹನೂರಿನಲ್ಲಿ ಇದ್ದದ್ದು ನಾನು ಮತ್ತು ಸಿದ್ದರಾಜಣ್ಣ. ಸಿದ್ದರಾಜಣ್ಣ ನಲವತ್ತೈದರ ಆಸುಪಾಸಿನ ಮನುಷ್ಯ. ಆನೆ ದಾಟುವ ಜಾಗದಲ್ಲೆಲ್ಲ ಎದೆಮಟ್ಟಕ್ಕೆ ಎಳೆದಿದ್ದ ಸಣ್ಣ ತಂತಿಯನ್ನು ದಿನವೂ ಬೈಕಿನಲ್ಲಿ ಹೋಗಿ ನೋಡಿ ಬರುವುದು ಅವನ ಕೆಲಸ. ತಂತಿ ಹರಿದರೆ ಅಲ್ಲಿ ಮರಕ್ಕೆ ಕಟ್ಟಿದ್ದ ರೇಡಿಯೋ ಪೆಟ್ಟಿಗೆಯಿಂದ ಹನೂರಿನ ನಮ್ಮ ಕೋಣೆಗೆ ಸುದ್ದಿ ಬರುತ್ತಿತ್ತು. ಕೋಣೆ ಅಂದರೆ ರಾಗಿ ಮಿಲ್ಲಿನ ಹಿಂದಿನ ಒಂದು ಗೂಡು. ಅದರಲ್ಲಿ ಒಂದು ಹಳೆಯ ಕಂಪ್ಯೂಟರು, ಒಂದು ಟೆಲಿಫೋನ್ ಲೈನು, ಅವೆರಡರ ನಡುವೆ ಒಂದು ಮೋಡೆಮ್ಮು. ಕಂಪ್ಯೂಟರಿನ ಪರವಾಗಿ ಫೋನಿನ ನಂಬರು ಒತ್ತುವ ಡಬ್ಬಿ ಅದು. ತಂತಿ ಹರಿದ ಕೂಡಲೇ ಕಂಪ್ಯೂಟರು ಪಟ್ಟಿಯಲ್ಲಿದ್ದ ಹದಿನಾರು ನಂಬರುಗಳಿಗೆ ಒಂದಾದ ಮೇಲೊಂದರಂತೆ ಫೋನ್ ಮಾಡಬೇಕು. ಅದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಫೋನ್ ಮಾಡಿ ಏನು ಹೇಳಬೇಕು ಅನ್ನುವುದನ್ನು ತೀರ್ಮಾನಿಸಿದ್ದು ಪುಟ್ಟಮಾದಮ್ಮ. ಶಾಗ್ಯ ಊರಿನಿಂದ ಆಚೆ, ಕಾಡಿಗೆ ಅಂಟಿಕೊಂಡ ಒಂದು ದೊಡ್ಡಿಯವರು; ಆ ಕಡೆ ಸಣ್ಣ ಹಳ್ಳಿಗೆ ದೊಡ್ಡಿ ಎನ್ನುತ್ತಾರೆ. ಐವತ್ತು ದಾಟಿದ ಹೆಂಗಸು, ಎರಡು ಸೀಮೆಹಸು, ಹೊಲದಲ್ಲಿ ಒಂಟಿ ಮನೆ. ಮೈಸೂರಿನ ಸಾಹೇಬರು ಶಾಗ್ಯದ ಹಾಲಿನ ಡೈರಿ ಜಗಲಿಯ ಮೇಲೆ ಸಭೆ ಸೇರಿಸಿ, ಕನ್ನಡದಲ್ಲೂ ತಮಿಳಿನಲ್ಲೂ ಎಚ್ಚರಿಕೆಯ ಮಾತು ರೆಕಾರ್ಡ್ ಮಾಡಿ ಕೇಳಿಸುತ್ತೇವೆ ಎಂದಾಗ ಪುಟ್ಟಮಾದಮ್ಮ ಹಿಂದಿನಿಂದ ಎದ್ದು ನಿಂತರು.

"ಪೋನು ಎತ್ಕಂಡು ಕೇಳ್ತಾ ನಿಂತ್ಕಂಡ್ರೆ ಆನೆ ಕಾಯ್ಕಂಡಿರ್ತದಾ ಸಾ? ಮಿಸ್ ಕಾಲ್ ಕೊಟ್ಬುಡಿ. ನಾಕು ರಿಂಗು. ನಾಕು ಬಡ್ಕಂಡು ನಿಂತ್ರೆ ಆನೆ ಅಂತ ನಾವೇ ತಿಳ್ಕತೀವಿ."

ಸಭೆಯೆಲ್ಲ ಹೌದು ಹೌದು ಎಂದಿತು. ಆಗ ಆ ಕಡೆಯವರೆಲ್ಲ ಮಿಸ್ ಕಾಲಿನಲ್ಲೇ ಸಂಸಾರ ನಡೆಸುತ್ತಿದ್ದರು. ಒಂದು ರಿಂಗು ಅಂದರೆ ಬಸ್ಸು ಹತ್ತಿದೆ, ಎರಡು ಅಂದರೆ ನೀರಿನ ಮೋಟರ್ ಹಾಕು. ಓದು ಬರದವರಿಗೂ ಎಣಿಸಲು ಬರುತ್ತಿತ್ತು. ಯಾರೂ ಎತ್ತಬಾರದು, ಎತ್ತಿದರೆ ಲೈನು ಅಲ್ಲೇ ಸಿಕ್ಕಿಕೊಂಡು ಮುಂದಿನ ಮನೆಗೆ ತಡವಾಗುತ್ತದೆ ಎಂದು ನಾನು ಹೇಳಿದೆ. ಪಟ್ಟಿಯಲ್ಲಿ ಮೊದಲನೆಯದು ನನ್ನ ನಂಬರು. ಎಲ್ಲರಿಗಿಂತ ಕಾಡಿಗೆ ಹತ್ತಿರವಿದ್ದ ಪುಟ್ಟಮಾದಮ್ಮನದು ಎರಡನೆಯದು. ಮೂರನೆಯದು ಸಿದ್ದರಾಜಣ್ಣನದು, ಆಮೇಲೆ ದೊಡ್ಡಿಯ ಉಳಿದ ಮನೆಗಳು.

ನಾಲ್ಕೇ ರಿಂಗಿಗೆ ನಿಲ್ಲಿಸುವುದು ಹೇಗೆ? ಇಲ್ಲಿ ನನ್ನ ವಿದ್ಯೆ ಬೇಕಾಗಿತ್ತು. ಕಂಪ್ಯೂಟರಿನಿಂದ ಮೋಡೆಮ್ಮಿಗೆ ಹೋಗುವ ಕೇಬಲಿನ ಒಳಗೆ ಹಲವು ತಂತಿಗಳು. ಎರಡು ಮಾತಾಡುವುದಕ್ಕೆ, ಒಂದು ಗ್ರೌಂಡಿಗೆ. ಉಳಿದವು ಬರೀ ಸನ್ನೆಗೆ. ಅದರಲ್ಲಿ ಒಂದು ತಂತಿಯಲ್ಲಿ ವೋಲ್ಟೇಜು ಇರುವ ತನಕ 'ನಾನು ಇಲ್ಲೇ ಇದ್ದೀನಿ, ಲೈನ್ ಹಿಡಿದುಕೋ' ಎಂದು ಅರ್ಥ. ಕಂಪ್ಯೂಟರು ಆ ವೋಲ್ಟೇಜನ್ನು ಇಳಿಸಿದರೆ ಮೋಡೆಮ್ಮು ಏನೇ ಮಾಡುತ್ತಿರಲಿ, ತಕ್ಷಣ ಫೋನ್ ಇಟ್ಟುಬಿಡಬೇಕು. ಎತ್ತಿನ ಮೂಗುದಾರದ ಹಾಗೆ. ಡಯಲ್ ಮಾಡು, ನಾಲ್ಕು ರಿಂಗಿನಷ್ಟು ಹೊತ್ತು ಕಾಯಿ, ಮೂಗುದಾರ ಜಗ್ಗು, ಮುಂದಿನ ನಂಬರಿಗೆ ಹೋಗು. ನಾನೇ ಬರೆದ ಪ್ರೋಗ್ರಾಮು.

ಆ ವರ್ಷ ರಾಗಿ ತೆನೆ ಕಟ್ಟುವ ಹೊತ್ತಿಗೆ ಅದು ಎಷ್ಟು ಚೆನ್ನಾಗಿ ಓಡಿತೆಂದರೆ ಜನ ನನ್ನನ್ನು ಕಂಡರೆ ಟೀ ಕುಡಿಸದೆ ಬಿಡುತ್ತಿರಲಿಲ್ಲ. ಪುಟ್ಟಮಾದಮ್ಮ ಮುಂಚೆ ಬೆಳಿಗ್ಗೆ ಬಿಸಿಲು ಬಿದ್ದು ದಾರಿ ಕಾಣುವ ತನಕ ಹಾಲಿನ ಕ್ಯಾನು ಹೊತ್ತು ಹೊರಡುತ್ತಿರಲಿಲ್ಲ. ಡೈರಿ ಇದ್ದದ್ದು ಶಾಗ್ಯದಲ್ಲಿ, ದಾರಿಯೆಲ್ಲ ಜೋಳದ ಹೊಲ. ಎಷ್ಟೋ ದಿನ ಅವರು ಮುಟ್ಟುವ ಹೊತ್ತಿಗೆ ವ್ಯಾನು ಹೋಗಿಬಿಟ್ಟಿರುತ್ತಿತ್ತು. ಈಗ ಮಬ್ಬುಗತ್ತಲಲ್ಲೇ, ಮಂಜಿನಲ್ಲೇ ಹೊರಡುತ್ತಿದ್ದರು.

"ಭಯ ಆಗಲ್ವಾ ಅಮ್ಮ?" ಎಂದು ಒಂದು ಸಲ ಕೇಳಿದ್ದೆ.

"ಯಾಕವ್ವ ಭಯ? ರಿಂಗು ಬರ್ನಿಲ್ಲ ಅಂದ್ರೆ ಆನೆ ಇಲ್ಲ ಅಂತ್ಲೇ ಅಲ್ವಾ. ನೀನು ಕಾಯ್ತಾ ಕುಂತಿದೀಯಲ್ಲ."

ಆ ಮಾತು ಕೇಳಿ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಕಾರ್ತಿಕ ಕಳೆದ ಮೇಲೆ ಒಂದು ದಿನ ಕೋಣೆಗೆ ಹೋದರೆ ಕೇಬಲು ಎರಡು ತುಂಡಾಗಿತ್ತು. ಮಿಲ್ಲಿನ ಇಲಿಗಳು. ಮೈಸೂರಿನಿಂದ ಬೇರೆ ಕೇಬಲು ಬರಲು ಹದಿನೈದು ದಿನ ಆಗುತ್ತದೆಂದರು. ಅಷ್ಟು ದಿನ ದೊಡ್ಡಿಯನ್ನು ಕಾಯುವವರಿಲ್ಲದೆ ಬಿಡುವುದುಂಟೆ? ಅವತ್ತೇ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋದೆ. ಸಿಕ್ಕಿದ ಒಂದೇ ಒಂದು ಕೇಬಲಿನಲ್ಲಿ ಮೂರೇ ತಂತಿ ಇದ್ದವು. ಮಾತಿನ ತಂತಿ ಉಂಟು, ಸನ್ನೆಯ ತಂತಿ ಒಂದೂ ಇಲ್ಲ. ಜೋಡಿಸಿದರೆ ಮೋಡೆಮ್ಮು ಕಂಪ್ಯೂಟರು ಇಲ್ಲವೆಂದುಕೊಂಡು ಸುಮ್ಮನೆ ಕೂತಿತು.

ಅದನ್ನು ಎಬ್ಬಿಸುವುದು ನನಗೇನು ಮಹಾ? ಮೋಡೆಮ್ಮಿನ ಕಡೆಯ ಪಿನ್ನುಗಳಲ್ಲಿ ಯಾವಾಗಲೂ ವೋಲ್ಟೇಜು ಇರುವುದು ಒಂದಿದೆ. ಅಲ್ಲಿಂದ ಆ ಮೂಗುದಾರದ ಪಿನ್ನಿಗೆ ಒಂದು ಗೇಣುದ್ದದ ತಂತಿ ಬೆಸೆದುಬಿಟ್ಟೆ. ರಾಳದ ಹೊಗೆ ಘಮ್ಮೆಂದಿತು. ದೀಪ ಹತ್ತಿತು. ಪರೀಕ್ಷೆ ಮಾಡಬೇಕಲ್ಲ? ಪಟ್ಟಿ ಪೂರ್ತಿ ಓಡಿಸಿದರೆ ದೊಡ್ಡಿಯ ಹದಿನಾಲ್ಕು ಮನೆಯವರೂ ಆನೆ ಬಂತೆಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅದಕ್ಕೇ ನನ್ನ ನಂಬರಿಗೊಂದು ಮಾಡಿಸಿದೆ. ನನ್ನ ಫೋನು ಬಡಿದುಕೊಂಡಿತು, ಎತ್ತಿ ಹಲೋ ಎಂದು ಇಟ್ಟೆ. ನಾನು ಇಟ್ಟ ಸದ್ದು ಕೇಳಿ ಮೋಡೆಮ್ಮೂ ಲೈನು ಬಿಟ್ಟಿತು. ಮೈಸೂರಿನ ಸಾಹೇಬರಿಗೆ ಫೋನಿನಲ್ಲಿ ಹೇಳಿದರೆ ಭೇಷ್ ಎಂದರು. ಯಾರೂ ಎತ್ತಬಾರದು ಎಂದು ಊರಿಗೆಲ್ಲ ಹೇಳಿದವಳು ನಾನೇ, ಎತ್ತಿ ಪರೀಕ್ಷೆ ಮಾಡಿದವಳೂ ನಾನೇ. ಎತ್ತದೆ ಬಿಟ್ಟಿದ್ದರೆ ಅದು ನಾಲ್ಕಕ್ಕೆ ನಿಲ್ಲುವುದಿಲ್ಲ ಎಂದು ಆವತ್ತೇ ಗೊತ್ತಾಗುತ್ತಿತ್ತು.

ಐದಾರು ದಿನಕ್ಕೆ ಕಾಡಂಚಿನ ತಂತಿ ಹರಿಯಿತು. ಬೆಳಗಿನ ಜಾವ ನನ್ನ ಫೋನು ಬಡಿದುಕೊಂಡಿತು. ಓಡಿಹೋಗಿ ನೋಡಿದರೆ ಕಂಪ್ಯೂಟರಿನ ಪರದೆಯ ಮೇಲೆ ಹದಿನಾರು ನಂಬರಿನ ಮುಂದೆಯೂ 'ಮಾಡಿದೆ, ಮಾಡಿದೆ' ಎಂದು ಬಂದಿತ್ತು. ಸಮಾಧಾನವಾಯಿತು. ಸಿದ್ದರಾಜಣ್ಣ ತಲೆ ಕೆರೆಯುತ್ತ ಬಂದ.

"ಮೇಡಮ್ನೋರೆ, ನನ್ ಪೋನು ಐದು ಸಲ ಬಡ್ಕಂತು ಕಣ್ರಿ."

"ನಿದ್ದೆಗಣ್ಣಲ್ಲಿ ಎಣಿಸಿದ್ದೀರಿ ಬಿಡಿ ಸಿದ್ದರಾಜಣ್ಣ."

ನನಗೂ ಐದು ಅನ್ನಿಸಿತ್ತು. ಆದರೂ ಹಾಗೆಂದೆ.

ಅವನು ತಂತಿ ಕಟ್ಟಲು ಹೋಗಿ ಮಧ್ಯಾಹ್ನ ಬಂದಾಗ ಮುಖ ಬಿಳುಚಿಕೊಂಡಿತ್ತು. "ಡೈರಿ ದಾರಿಲಿ ಮಾದಮ್ಮನ ಎಜ್ಜೆ ಅವೆ. ಅದರ ಮ್ಯಾಲೆ ಆನೆ ಎಜ್ಜೆ ಅದೆ. ಇನ್ನೂ ಅಸಿ ಮಣ್ಣು. ಅವ್ರು ಅತ್ಲಾಗೆ ಓದ್ರು, ಇದು ಇತ್ಲಾಗಿಂದ ಬಂತು ಅಂತ ಕಾಣ್ತದೆ."

ಅವತ್ತೇ ಅವನ ಬೈಕಿನಲ್ಲಿ ಪುಟ್ಟಮಾದಮ್ಮನ ಮನೆಗೆ ಹೋದೆ. ಹಸುವಿಗೆ ಹುಲ್ಲು ಹಾಕುತ್ತಿದ್ದರು.

"ರಿಂಗು ಬಂತಾ ಅಮ್ಮ ಬೆಳಿಗ್ಗೆ?"

"ಇಲ್ವಲ್ಲ ಮಗ. ಬಂದಿದ್ರೆ ಓಯ್ತಿದ್ನಾ?"

"ಕಂಪ್ಯೂಟರಲ್ಲಿ ಮಾಡಿದೆ ಅಂತ ಬಂದಿದೆ. ನಿಮ್ಮ ಫೋನೇ ಸರಿ ಇಲ್ಲ ಅನ್ಸುತ್ತೆ. ಬ್ಯಾಟರಿ ಹಳೇದು."

ಅವರು ಫೋನನ್ನು ಸೊಂಟದ ಚೀಲದಿಂದ ತೆಗೆದು ತಿರುಗಿಸಿ ನೋಡಿದರು. ತಪ್ಪು ಮಾಡಿದವರ ಹಾಗೆ ಮುಖ ಸಣ್ಣಗೆ ಮಾಡಿಕೊಂಡರು. ಮಾರನೆಯ ದಿನವೇ ಹನೂರಿಗೆ ಬಂದು ಹೊಸ ಬ್ಯಾಟರಿ ಹಾಕಿಸಿಕೊಂಡು, ನನ್ನ ಕೋಣೆಗೂ ಬಂದು ತೋರಿಸಿ ಹೋದರು. "ಈಗ ಸರಿ ಓಯ್ತು ಕಣವ್ವ, ಇನ್ನು ನಿಂಗೆ ತೊಂದ್ರೆ ಕೊಡಾಕಿಲ್ಲ" ಎಂದರು. ಆ ಮಾತು ಈಗಲೂ ಕಿವಿಯಲ್ಲಿದೆ. ಅವತ್ತು ಮಾತ್ರ ನಾನು ತಲೆಯಾಡಿಸಿದೆ, ಹೋಗಿ ಬನ್ನಿ ಎಂದೆ.

ಅದಾಗಿ ಮೂರು ದಿನ. ಚಳಿಗೆ ನಿದ್ದೆ ಬಾರದೆ ಇನ್ನೂ ಮಬ್ಬು ಇರುವಾಗಲೇ ಕೋಣೆಗೆ ಬಂದು ಬೆಂಕಿಪೊಟ್ಟಣದಷ್ಟು ಸ್ಟೌವಿನ ಮೇಲೆ ಕಾಫಿಗೆ ಇಟ್ಟಿದ್ದೆ. ಮಿಲ್ಲು ಇನ್ನೂ ಶುರುವಾಗಿರಲಿಲ್ಲ. ಕಂಪ್ಯೂಟರು ಒಮ್ಮೆ ಕೂಗಿತು. ತಂತಿ ಹರಿದಿತ್ತು. ಹಿಂದೆಯೇ ಮೋಡೆಮ್ಮು ಡಯಲ್ ಮಾಡಲು ತೊಡಗಿತು. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಸ್ಪೀಕರಿತ್ತು. ನಂಬರು ಒತ್ತಿದಾಗ ಟುಂಯ್ ಟುಂಯ್ ಎಂದು ಹತ್ತು ಸ್ವರ ಕೇಳಿಸುತ್ತಿತ್ತು. ಹಗಲು ಮಿಲ್ಲಿನ ಗದ್ದಲದಲ್ಲಿ ಅದನ್ನು ನಾನು ಕೇಳಿಸಿಕೊಂಡದ್ದೇ ಇಲ್ಲ. ಅವತ್ತು ಕೇಳಿಸಿತು.

ಮೊದಲು ನನ್ನ ನಂಬರಿನ ಸ್ವರ. ಮೇಜಿನ ಮೇಲೆ ನನ್ನ ಫೋನು ಬಡಿದುಕೊಂಡಿತು. ಒಂದು, ಎರಡು, ಮೂರು, ನಾಲ್ಕು. ಐದು. ಟಕ್ ಎಂದು ನಿಂತಿತು. ಪರದೆಯ ಮೇಲೆ ಎರಡನೆಯ ನಂಬರು ಬಂತು, ಪುಟ್ಟಮಾದಮ್ಮನದು. ಸ್ವರಕ್ಕೆ ಕಾದೆ. ಸ್ವರ ಬರಲಿಲ್ಲ. ಡಬ್ಬಿ ಮೌನವಾಗಿ ಕೂತಿತ್ತು. ನಾಲ್ಕು ರಿಂಗಿನ ಹೊತ್ತು ಕಳೆಯಿತು, ಪರದೆ 'ಮಾಡಿದೆ' ಎಂದಿತು. ಮೂರನೆಯದು ಬಂತು, ಟುಂಯ್ ಟುಂಯ್ ಎಂದು ಹತ್ತು ಸ್ವರ ಸ್ಪಷ್ಟವಾಗಿ ಕೇಳಿಸಿತು. ನಾಲ್ಕನೆಯದು ಮೌನ.

ಎಲ್ಲ ಒಂದೇ ಸಲಕ್ಕೆ ಹೊಳೆಯಿತು. ನಾನು ಬೆಸೆದ ತುಂಡು ತಂತಿ ಮೂಗುದಾರವನ್ನು ಗೂಟಕ್ಕೆ ಕಟ್ಟಿಹಾಕಿತ್ತು. ಕಂಪ್ಯೂಟರು ಜಗ್ಗುತ್ತಿತ್ತು, ಮೋಡೆಮ್ಮಿಗೆ ತಿಳಿಯುತ್ತಲೇ ಇರಲಿಲ್ಲ. ಅದು ಮೊದಲ ನಂಬರನ್ನು ರಿಂಗ್ ಮಾಡುತ್ತಲೇ ಇರುವಾಗ ಕಂಪ್ಯೂಟರು ಎರಡನೆಯ ನಂಬರು ಒತ್ತು ಎನ್ನುತ್ತಿತ್ತು. ಐದನೆಯ ರಿಂಗಿನ ನಡುವೆ ಬಂದ ಆ ಮಾತು ರಿಂಗನ್ನು ನಿಲ್ಲಿಸಿ ಅಲ್ಲೇ ಸತ್ತುಹೋಗುತ್ತಿತ್ತು. ಆಮೇಲೆ ಮೂರನೆಯದು ಸರಿಯಾಗಿ ಹೋಗುತ್ತಿತ್ತು. ಒಂದು ಬಿಟ್ಟು ಒಂದು. ಹದಿನಾರರಲ್ಲಿ ಎಂಟು ಮನೆಗೆ ರಿಂಗೇ ಇಲ್ಲ. ಒತ್ತಾಗಿರುವ ಮನೆಗಳಲ್ಲಿ ಐದಕ್ಕೆ ನಿಂತರೂ ಆನೆಯೆಂದೇ ತಿಳಿದು ಪಕ್ಕದವರು ಕೂಗಿ ಹೇಳಿಕೊಳ್ಳುತ್ತಿದ್ದರು, ಅದಕ್ಕೇ ಯಾರಿಂದಲೂ ದೂರು ಬಂದಿರಲಿಲ್ಲ. ಒಂಟಿ ಮನೆ ಇದ್ದದ್ದು ಒಂದೇ. ಹೊರಗೆ ನೋಡಿದೆ. ಮಂಜು ಕವಿದಿತ್ತು, ಬೆಳಕು ಈಗಷ್ಟೇ ಬರುತ್ತಿತ್ತು. ಅವರು ಕ್ಯಾನು ಹೊತ್ತು ಹೊರಡುವ ಹೊತ್ತೇ ಅದು.

ನನ್ನ ಫೋನು ತೆಗೆದು ಅವರ ನಂಬರು ಒತ್ತಿದೆ. ಅವಸರಕ್ಕೆ ಎರಡು ಸಲ ತಪ್ಪಿತು. ಮೂರನೆಯ ಸಲ ರಿಂಗಾಯಿತು. ಎತ್ತಿ ಅಮ್ಮ, ಎತ್ತಿ ಎನ್ನುತ್ತಿದ್ದೆ. ಎರಡನೆಯ ರಿಂಗಿಗೆ ನೆನಪಾಯಿತು. ಆಕೆ ಎತ್ತುವುದಿಲ್ಲ. ಎತ್ತಬೇಡಿ ಎಂದವಳು ನಾನೇ. ನಾಲ್ಕು ದಾಟಿ ರಿಂಗಾದರೆ ಪಾಲಾರ್ ಕಡೆ ಇರುವ ತನ್ನ ತಮ್ಮನೋ ಯಾರೋ, ಕ್ಯಾನು ಇಳಿಸಿದ ಮೇಲೆ ಮಾತಾಡಿದರಾಯಿತು ಅಂದುಕೊಂಡು ಸುಮ್ಮನೆ ನಡೆಯುತ್ತಾರೆ. ಸರಿಯಾಗಿ ನಾಲ್ಕಕ್ಕೆ ನಿಲ್ಲಿಸಬೇಕು. ಯಂತ್ರ ಮಾಡದೆ ಬಿಟ್ಟ ಕೆಲಸವನ್ನು ನಾನು ಮಾಡಬೇಕು. ಮೂರು ಎಂದು ಗಟ್ಟಿಯಾಗಿ ಎಣಿಸಿದೆ. ಆಗ ಇನ್ನೊಂದು ಭಯ ಎದ್ದಿತು. ಆನೆ ಈಗಾಗಲೇ ಅವರ ಹತ್ತಿರ ಇದ್ದರೆ? ಆ ಮಂಜಿನಲ್ಲಿ ಸೊಂಟದಲ್ಲಿ ಬಡಿದುಕೊಳ್ಳುವ ಫೋನು, ಮನುಷ್ಯ ಇಲ್ಲಿದ್ದಾನೆ ಎಂದು ಆನೆಗೇ ಹೇಳಿದ ಹಾಗಲ್ಲವೆ? ನಿಲ್ಲಿಸಲೋ ಬಿಡಲೋ ಎಂದು ಯೋಚಿಸುವಷ್ಟರಲ್ಲಿ ನಾಲ್ಕಾಯಿತು. ಕತ್ತರಿಸಿದೆ.

ಹತ್ತು ಎಣಿಸಿ ಇನ್ನೊಮ್ಮೆ ಮಾಡಿದೆ. ಫೋನು ಸಂಪರ್ಕದಲ್ಲಿಲ್ಲ ಎಂದಿತು ಹೆಣ್ಣು ದನಿ. ಮತ್ತೆ ಮಾಡಿದೆ. ಸಂಪರ್ಕದಲ್ಲಿಲ್ಲ.

ತನ್ನ ರಿಂಗು ಬಂದದ್ದಕ್ಕೆ ಸಿದ್ದರಾಜಣ್ಣ ಬೈಕು ತಂದು ಬಾಗಿಲಲ್ಲಿ ನಿಲ್ಲಿಸಿದ. "ಮಾದಮ್ಮನಿಗೆ ರಿಂಗ್ ಹೋಗಿಲ್ಲ" ಎಂದೆ. "ಅತ್ತಿ" ಎಂದ. ಬೈಕು ಹತ್ತಿ ಕೂತೆ. ಶಾಗ್ಯ ದಾಟಿ ದೊಡ್ಡಿಯ ದಾರಿಗೆ ತಿರುಗಿದ ಮೇಲೆ ಹತ್ತು ಮಾರು ಮುಂದೆ ಏನೂ ಕಾಣುತ್ತಿರಲಿಲ್ಲ. ಎರಡು ಕಡೆಯೂ ಆಳೆತ್ತರದ ಜೋಳ. ಅವನು ಬೈಕು ನಿಲ್ಲಿಸಿ ಇಂಜಿನು ಆರಿಸಿದ. ಎಲ್ಲೋ ಜೋಳದ ದಂಟು ಲಟಲಟ ಮುರಿಯುವ ಸದ್ದು. ಆ ಸದ್ದು ದೂರವಾಗುವ ತನಕ ಅಲ್ಲೇ ಕಾದೆವು.

ಆಮೇಲೆ ನಡೆದು ಹೋದೆವು. ಹುಣಸೆ ಮರದ ಹತ್ತಿರ ಮಣ್ಣು ಬೆಳ್ಳಗಿತ್ತು. ಹಾಲು. ಕ್ಯಾನು ಚಪ್ಪಟೆಯಾಗಿ ದಾರಿಯ ಮಧ್ಯೆ ಬಿದ್ದಿತ್ತು. ಅದರಾಚೆ ಒಂದು ಚಪ್ಪಲಿ. ಫೋನು ಎರಡು ಮೂರು ತುಂಡು, ಹೊಸ ಬ್ಯಾಟರಿ ಬೇರೆ ಕಡೆ ಬಿದ್ದಿತ್ತು. ಸಿದ್ದರಾಜಣ್ಣ ಬಗ್ಗಿ ಸುತ್ತಲೂ ನೋಡಿದ.

"ರಕ್ತ ಇಲ್ಲ ಕಣ್ರಿ" ಎಂದ. ಆಮೇಲೆ ಕೂಗಿದ, "ಮಾದಮ್ಮೋ! ಪುಟ್ಟಮಾದಮ್ಮೋ!"

ನಾನು ಅಲ್ಲೇ ಹಾಲಿನ ಕೆಸರಿನಲ್ಲಿ ಕುಸಿದು ಕೂತೆ. ನಾನು ಕೊಂದೆ, ನಾನೇ ಕೊಂದೆ ಎಂದು ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಸಿದ್ದರಾಜಣ್ಣ ರಟ್ಟೆ ಹಿಡಿದು ಎಬ್ಬಿಸಿದ. ಜೋಳದೊಳಗೆ ಓಡಿದ ಬರಿಗಾಲಿನ ಗುರುತು ಹಿಡಿದು ಹೋದೆವು. ಗುರುತು ಹೊಲದಿಂದ ಹೊಲಕ್ಕೆ ಸುತ್ತಿ ಕೊನೆಗೆ ಶಾಗ್ಯದ ಡೈರಿಗೇ ತಲುಪಿತ್ತು. ಜಗಲಿಯ ಮೇಲೆ ಪುಟ್ಟಮಾದಮ್ಮ ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ಯಾರೋ ನೀರು ಕುಡಿಸುತ್ತಿದ್ದರು. ಮೈಯೆಲ್ಲ ಜೋಳದ ಗರಿ ಗೀರಿದ ಗಾಯ.

ನನ್ನನ್ನು ಕಂಡದ್ದೇ ಅವರು ಅತ್ತುಬಿಟ್ಟರು.

"ನಾಕು ಬಡ್ಕಂತು ಕಣವ್ವ. ನಿಂತ್ಕಂಡು ಎಣುಸ್ದೆ. ನಾಕಕ್ಕೆ ನಿಂತೋಯ್ತು. ತಲೆ ಎತ್ತಿ ನೋಡ್ತೀನಿ, ಉಣಸೆ ಮರದ ಕೆಳೀಕೆ ನಿಂತದೆ. ಸದ್ದು ಕೇಳಿ ಇತ್ಲಾಗೇ ತಿರುಗ್ತು. ಕ್ಯಾನು ಪೋನು ಎಲ್ಲಾ ಬಿಸಾಕ್ಬುಟ್ಟು ಓಡ್ದೆ. ನಿಂತ್ಕಂಡಿಲ್ದಿದ್ರೆ ಸೀದಾ ಅದರ ಕಾಲ್ಗೇ ಓಗಿ ಬೀಳ್ತಿದ್ದೆ. ನಿನ್ ಮಿಷಿನ್ನು ಬದುಕುಸ್ತು ಮಗ."

ಸುತ್ತ ನಿಂತಿದ್ದವರೆಲ್ಲ ಹೌದು, ಮಿಷಿನ್ನೇ ಬದುಕಿಸಿದ್ದು ಎಂದರು. ಸಿದ್ದರಾಜಣ್ಣ ನನ್ನ ಮುಖ ನೋಡಿದ. ನಾನು ಬಾಯಿ ಬಿಡಲಿಲ್ಲ.

ಕೋಣೆಗೆ ಬಂದವಳೇ ಆ ತುಂಡು ತಂತಿಯನ್ನು ಕಿತ್ತೆಸೆದೆ. ಯಂತ್ರ ಕೆಟ್ಟಿದೆ, ನಾವೇ ಫೋನ್ ಮಾಡುತ್ತೇವೆ ಎಂದು ಎಲ್ಲರಿಗೂ ಸಿದ್ದರಾಜಣ್ಣನಿಂದ ಹೇಳಿ ಕಳಿಸಿದೆ. ಯಾಕೆ ಕೆಟ್ಟಿತು ಅಂತ ಮಾತ್ರ ಹೇಳಲಿಲ್ಲ. ಮೈಸೂರಿನಿಂದ ಸರಿಯಾದ ಕೇಬಲು ಬರುವ ತನಕ ಪರದೆಯ ಮುಂದೆಯೇ ಕೂತು, ಹದಿನಾರು ನಂಬರು ಬರೆದ ಚೀಟಿ ಕೈಯಲ್ಲಿ ಹಿಡಿದುಕೊಂಡಿದ್ದೆ. ಕೂತಲ್ಲೇ ಜೋಂಪು ಹತ್ತಿದರೆ ಹಾಲಿನ ಕೆಸರು ಕಂಡು ಬೆಚ್ಚಿ ಏಳುತ್ತಿದ್ದೆ. ಕೇಬಲು ಬಂದ ದಿನ ಸಿದ್ದರಾಜಣ್ಣ ಮನೆಮನೆಗೂ ಮೊದಲೇ ಹೋಗಿ ತಿಳಿಸಿ ಬಂದ ಮೇಲೆ ಪಟ್ಟಿ ಪೂರ್ತಿ ಓಡಿಸಿದೆ. ಹದಿನಾರು ಫೋನಿಗೂ ನಾಲ್ಕೇ ರಿಂಗು.

ಮಾರನೆಯ ದಿನ ಪುಟ್ಟಮಾದಮ್ಮ ಹನೂರಿಗೆ ಬಂದರು. ಚೀಲದಲ್ಲಿ ತೆಂಗಿನಕಾಯಿ, ಎರಡು ಬಾಳೆಹಣ್ಣು, ಕರ್ಪೂರ. "ನಿನ್ ಮಿಷಿನ್ನಿಗೆ ಒಂದು ಪೂಜೆ ಮಾಡ್ಬುಡವಾ ಕಣವ್ವ" ಎನ್ನುತ್ತ ಕಂಪ್ಯೂಟರಿನ ಮುಂದಿನ ಜಾಗ ಸೆರಗಿನಿಂದ ಒರೆಸತೊಡಗಿದರು.

ನನಗೆ ತಡೆಯಲಾಗಲಿಲ್ಲ. ಅವರ ಕೈ ಹಿಡಿದು ಕೂರಿಸಿ ಎಲ್ಲ ಹೇಳಿದೆ. ತುಂಡು ತಂತಿ, ಒಂದು ಬಿಟ್ಟು ಒಂದು, ಮೊದಲ ಸಲ ರಿಂಗೇ ಹೋಗದಿದ್ದದ್ದು, ಅವರ ಬ್ಯಾಟರಿಗೆ ಏನೂ ಆಗಿರದಿದ್ದದ್ದು, ಕೊನೆಯ ದಿನ ಬಂದ ನಾಲ್ಕು ರಿಂಗು ನನ್ನ ಕೈಯಿಂದ ಹೋದದ್ದು. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ. ಅವರು ಆ ಡಬ್ಬಿಯ ಕಡೆ ಕೈ ತೋರಿಸಿದರು.

"ಈಗ ಸರಿ ಓಗದಾ?"

"ಹೂಂ ಅಮ್ಮ. ಎಲ್ಲ ಮನೆಗೂ ನೋಡಿದ್ದೀನಿ."

"ಅಂಗಾರೆ ಒಂದು ಮಾತು ಯೋಳು ಮಗ. ಇನ್ಮೇಕೆ ರಿಂಗು ಬರ್ನಿಲ್ಲ ಅಂದ್ರೆ ಆನೆ ಇಲ್ಲ ಅಂತ ನಡೀಬೌದಾ, ಬ್ಯಾಡ್ವಾ?"

ಹೂಂ ಎನ್ನಲು ಬಾಯಿ ತೆರೆದೆ. ಇಲಿ ಇದೆ, ಸಿಡಿಲಿದೆ, ಕರೆಂಟು ಹೋಗುತ್ತದೆ, ಲೈನು ಸಾಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಾನಿದ್ದೇನೆ.

"ಬೇಡ ಅಮ್ಮ" ಎಂದೆ. "ರಿಂಗ್ ಬಂದರೆ ನಂಬಿ. ಬರಲಿಲ್ಲ ಅಂದರೆ ನಂಬಬೇಡಿ. ಬಿಸಿಲು ಬಂದಮೇಲೇ ಹೊರಡಿ, ವ್ಯಾನು ಹೋದರೆ ಹೋಗಲಿ."

ಪುಟ್ಟಮಾದಮ್ಮ ಕಾಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದರು. ಬಾಗಿಲ ತನಕ ಹೋಗಿ ನಿಂತು ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಇದ ಮೊದ್ಲೇ ಯೋಳಿದ್ರೆ ಆಗಿತ್ತಲ್ಲವ್ವ" ಎಂದರು.